ನಾಳಿನ ವೈದ್ಯರಿಗೆ ನಮ್ಮ ಹಳ್ಳಿಗಳೂ ಪಾಠಶಾಲೆ

ಶತಮಾನೋತ್ಸವದ ಸ್ಮರಣ ಸಂಚಿಕೆ ಕೈಗೆ ಬಂದೊಡನೆ ಓದುಗರು ದೇವಾಲಯದ ಅಸ್ತಿಭಾರ ಬಿದ್ದ ದಿನವನ್ನೂ, ಗಂಟೆಗೋಪುರ ಎದ್ದ ವರ್ಷವನ್ನೂ, ಸೇವೆ ಸಲ್ಲಿಸಿದ ವಂದನೀಯ ಗುರುಗಳ ನಾಮಾವಳಿಯನ್ನೂ ಹುಡುಕುವುದು ಸಹಜವೇ ಆಗಿದೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ದೊರೆಯುವುವು. ಇಲ್ಲಿ ನಾವು ಬೇರೊಂದು ಎಳೆಯನ್ನು ಹಿಡಿಯಬಯಸುತ್ತೇವೆ. ಈ ನೂರು ವರ್ಷಗಳಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ನಮ್ಮ ಜನರು ಕಾಯಿಲೆ ಬಿದ್ದಾಗ ಅವರನ್ನು ನೋಡಿದ ವೈದ್ಯರು ಎಲ್ಲಿ ಕಲಿತು ಬಂದವರು? ಅವರಿಗೆ ಕಲಿಸಿದವರ ಪೈಕಿ ನಮ್ಮಂಥ ಕಾಡಂಚಿನ ಊರಿನವರು ಯಾರಾದರೂ ಇದ್ದರೇ?

ಪ್ರಶ್ನೆ ವಿಚಿತ್ರವೆನಿಸಬಹುದು. ವೈದ್ಯನಿಗೆ ಪಾಠ ಹೇಳುವವರು ಪ್ರಾಧ್ಯಾಪಕರು. ರೋಗಿಯ ಪಾಲಿಗೆ ಬರುವುದು ನಾಲಗೆ ಚಾಚಿ ತೋರಿಸುವ ಕೆಲಸ ಮಾತ್ರ ಎಂಬುದು ರೂಢಿಯ ನಂಬಿಕೆ. ಆದರೆ ನಮ್ಮ ಹಿರಿಯರ ನೆನಪುಗಳನ್ನು ಕೆದಕಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಕಂಬಳಿಯನ್ನು ಬಿದಿರಿನ ಗಳಕ್ಕೆ ಕಟ್ಟಿ ಜೋಲಿ ಮಾಡಿ, ಅದರಲ್ಲಿ ಬಾಣಂತಿಯನ್ನೋ ಹಾವು ಕಚ್ಚಿದವನನ್ನೋ ಮಲಗಿಸಿ, ಸರದಿಯ ಮೇಲೆ ಹೆಗಲು ಕೊಟ್ಟು ಡಾಂಬರು ರಸ್ತೆಯವರೆಗೆ ಹೊತ್ತು ತಂದ ಕಥೆಗಳು ಈ ಸೀಮೆಯ ಬಹುತೇಕ ಮನೆಗಳಲ್ಲಿವೆ. ಹಾವು ಕಚ್ಚಿದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕೆಂದು ಪುಸ್ತಕ ಹೇಳುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಆ ತಡವೆಂಬುದು ಎಷ್ಟು ಮೈಲಿ, ಎಷ್ಟು ಹೆಗಲು, ಎಷ್ಟು ರೂಪಾಯಿ ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ, ಹೊತ್ತವರು ಹೇಳಬೇಕು.

ನಮ್ಮ ನಾಲ್ಕೂ ಕಡೆಗಳ ಪರಿಸ್ಥಿತಿ ಒಂದೇ ತೆರನಲ್ಲ. ದಾಂಡೇಲಿಯು ಕಾಗದದ ಕಾರ್ಖಾನೆಯಿಂದ ಬೆಳೆದ ಕಾರ್ಮಿಕರ ಪಟ್ಟಣ. ಹಳಿಯಾಳದ ಸುತ್ತ ಭತ್ತ ಮತ್ತು ಕಬ್ಬು. ಕಬ್ಬು ಕಡಿಯುವ ದಿನಗಳಲ್ಲಿ ಹಗಲು ಹೊತ್ತು ಮನೆಗಳಲ್ಲಿ ಮುದುಕರೂ ಮಕ್ಕಳೂ ಮಾತ್ರ ಉಳಿದಿರುತ್ತಾರೆ. ಹಿಂದೆ ಸೂಪಾ ತಾಲ್ಲೂಕು ಎನಿಸಿದ್ದ ಜೋಯಿಡಾದ ಹಳೆಯ ಸೂಪಾ ಊರು ಕಾಳಿ ನದಿಯ ಜಲಾಶಯದ ಅಡಿಯಲ್ಲಿದೆ. ಉಳಿದ ಹಳ್ಳಿಗಳು ದಟ್ಟ ಕಾಡಿನಲ್ಲಿ ಒಂದಕ್ಕೊಂದು ದೂರದೂರ ಚದುರಿವೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ ನಿರಾಶ್ರಿತರ ವಸತಿ ನೆಲೆಗೊಂಡಿದ್ದು, ಅವರಿಗೆ ತಮ್ಮದೇ ಆದ ಪ್ರಾಚೀನ ವೈದ್ಯಪದ್ಧತಿಯೂ ಇದೆ. ಕುಣಬಿಗಳು, ಗೌಳಿಗಳು, 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದ ಸಿದ್ದಿ ಬಂಧುಗಳು (ಇವರಲ್ಲಿ ನಮ್ಮ ಸಭೆಗೆ ಸೇರಿದವರು ಗಣನೀಯರು), ಕೊಂಕಣಿ, ಮರಾಠಿ, ಕನ್ನಡವಾಡುವ ಇತರರು ಎಲ್ಲರೂ ಒಂದೇ ಸಂತೆಯಲ್ಲಿ ಸೇರುವ ನಾಡಿದು. ಇಲ್ಲಿನ ರೋಗಿಯು ಒಮ್ಮೆ ‘ಎದಿ ಧಸಕ್ ಅಂತೈತಿ’ ಎಂದು ಧಾರವಾಡದ ಕನ್ನಡದಲ್ಲಿ ಹೇಳಿದರೆ ಇನ್ನೊಮ್ಮೆ ಅದೇ ನೋವನ್ನು ಕೊಂಕಣಿಯಲ್ಲಿ ಹೇಳುತ್ತಾನೆ. ಬೆಂಗಳೂರಿನಲ್ಲಿ ಕಲಿತ ತರುಣ ವೈದ್ಯನು ಮೊದಲ ವಾರ ತಬ್ಬಿಬ್ಬಾದರೆ ಅದು ಅವನ ತಪ್ಪೆನ್ನಲಾಗದು.

ಇನ್ನು ಇತಿಹಾಸಕ್ಕೆ ಬರೋಣ. ನಮ್ಮ ದೇಶದಲ್ಲಿ ವೈದ್ಯ ಶಿಕ್ಷಣವು ಯಾವ ರೂಪ ತಾಳಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿ. ಅದುವರೆಗೆ ಎರಡು ದರ್ಜೆಯ ವೈದ್ಯರಿದ್ದರು. ವಿಶ್ವವಿದ್ಯಾಲಯದ ಪದವೀಧರರು ಒಂದು ಬಗೆ. ಕಡಿಮೆ ಅವಧಿಯ ಕಲಿಕೆಯ ಲೈಸೆನ್ಷಿಯೇಟರು, ಅಂದರೆ ಜನರ ಬಾಯಲ್ಲಿ ‘ಎಲ್.ಎಂ.ಪಿ. ಡಾಕ್ಟರು’, ಇನ್ನೊಂದು ಬಗೆ. ಸಣ್ಣ ಊರುಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತಿದ್ದವರು ಈ ಎರಡನೆಯವರೇ. ಭೋರ್ ಸಮಿತಿಯು ಇನ್ನು ಮುಂದೆ ಒಂದೇ ದರ್ಜೆಯ ‘ಮೂಲ ವೈದ್ಯ’ ಸಾಕೆಂದು ಹೇಳಿತು. ಸಮಿತಿಯ ಕೆಲ ಸದಸ್ಯರು ಇದಕ್ಕೆ ಭಿನ್ನಮತ ಸೂಚಿಸಿದರು. ಅದೇ ವರದಿಯು ಇನ್ನೊಂದು ಒಳ್ಳೆಯ ಮಾತನ್ನೂ ಹೇಳಿತು: ಮುಂದಿನ ವೈದ್ಯನು ಸಾಮಾಜಿಕ ವೈದ್ಯನಾಗಿರಬೇಕು, ರೋಗ ಬಾರದಂತೆ ತಡೆಯುವ ವಿದ್ಯೆಯನ್ನು ಅವನಿಗೆ ಕಲಿಸಬೇಕು ಎಂದು. ದರ್ಜೆ ಒಂದಾಯಿತು; ಸಾಮಾಜಿಕ ವೈದ್ಯ ಮಾತ್ರ ಬಹುಕಾಲ ಕಾಗದದ ಮೇಲೆಯೇ ಉಳಿದನೆಂದು ನಮ್ಮ ಅಭಿಪ್ರಾಯ. ಹುಬ್ಬಳ್ಳಿಯಲ್ಲಿ 1957ರಲ್ಲಿಯೂ ಬೆಳಗಾವಿಯಲ್ಲಿ 1963ರಲ್ಲಿಯೂ ವೈದ್ಯಕೀಯ ಕಾಲೇಜುಗಳು ಆರಂಭವಾದುವು. ಹಳಿಯಾಳ, ಮುಂಡಗೋಡದವರಿಗೆ ದೊಡ್ಡ ಆಸ್ಪತ್ರೆ ಹತ್ತಿರವಾಯಿತೆಂಬುದು ನಿಜವೇ. ಆದರೆ ನಾವು ಅಲ್ಲಿಗೆ ಹೋದದ್ದು ರೋಗಿಗಳಾಗಿ ಮಾತ್ರ.

ಕ್ಯಾಥೋಲಿಕ್ ಸಭೆಯೊಳಗೆ ಈ ವಿಷಯಕ್ಕೆ ಬೇರೆಯದೇ ಒಂದು ಕಥೆಯಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬಹುಕಾಲ ಧರ್ಮಭಗಿನಿಯರು ವೈದ್ಯಕೀಯ ವೃತ್ತಿಯನ್ನು, ವಿಶೇಷವಾಗಿ ಹೆರಿಗೆ ಮಾಡಿಸುವುದನ್ನು, ಧರ್ಮಸಭೆಯ ನಿಯಮವು ಒಪ್ಪುತ್ತಿರಲಿಲ್ಲ. ನಮ್ಮ ದೇಶದ ಸ್ತ್ರೀಯರೋ ಪರಪುರುಷನಾದ ವೈದ್ಯನ ಮುಂದೆ ಬರಲು ಒಪ್ಪುತ್ತಿರಲಿಲ್ಲ. ಈ ಎರಡರ ನಡುವೆ ಪ್ರಾಣ ಕಳೆದುಕೊಂಡ ತಾಯಂದಿರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಎಂಬವರು ಈ ನಿರ್ಬಂಧವನ್ನು ಸಡಿಲಿಸಬೇಕೆಂದು ರೋಮಿಗೆ ಮತ್ತೆ ಮತ್ತೆ ಮನವಿ ಮಾಡಿಕೊಂಡು 1913ರಲ್ಲಿ ಕಣ್ಣುಮುಚ್ಚಿದರು. ಅನುಮತಿ ದೊರೆತದ್ದು 1936ರಲ್ಲಿ. ಅದಕ್ಕೂ ಮುಂಚೆ 1920ರಲ್ಲಿ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ಗುಂಟೂರಿಗೆ ಬಂದು, ಅಲ್ಲಿ ಧರ್ಮಭಗಿನಿಯಾಗಿ, ಜಗದ್ಗುರುಗಳ ವಿಶೇಷ ಅಪ್ಪಣೆಯಿಂದ ವೈದ್ಯ ವೃತ್ತಿಯನ್ನು ಮುಂದುವರಿಸಿದರು. ಇವರು ಸುತ್ತಲಿನ ಸಾಮಾನ್ಯ ಹೆಣ್ಣುಮಕ್ಕಳನ್ನೇ ಆರಿಸಿ ಔಷಧ ಸಿದ್ಧಪಡಿಸುವುದನ್ನೂ ಸೂಲಗಿತ್ತಿಯ ಕೆಲಸವನ್ನೂ ದಾದಿಯ ಕೆಲಸವನ್ನೂ ಕಲಿಸಿದರೆಂಬುದು ಗಮನಾರ್ಹ. ಊರಿನವರ ಸಹಾಯವಿಲ್ಲದೆ ಒಬ್ಬ ವೈದ್ಯೆಯಿಂದ ಏನೂ ಆಗದೆಂಬುದು ಅವರಿಗೆ ಬೇಗನೆ ಹೊಳೆದಿರಬೇಕು. 1943ರಲ್ಲಿ ಕ್ಯಾಥೋಲಿಕ್ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದವರೂ, ಭಾರತಕ್ಕೊಂದು ಕ್ಯಾಥೋಲಿಕ್ ವೈದ್ಯಕೀಯ ಕಾಲೇಜು ಬೇಕೆಂದು ಹಂಬಲಿಸಿದವರೂ ಇವರೇ. 1957ರಲ್ಲಿ ಅವರು ಬೆಂಗಳೂರಿನಲ್ಲಿ ದೈವಾಧೀನರಾದರು; ಆರು ವರ್ಷಗಳ ತರುವಾಯ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಮಂಡಳಿಯು ಸಂತ ಯೋವಾನ್ನರ ವೈದ್ಯಕೀಯ ಕಾಲೇಜನ್ನು ಆರಂಭಿಸಿತು.

ಈ ಕಾಲೇಜು, ಅಂದರೆ ಎಲ್ಲರೂ ಸೇಂಟ್ ಜಾನ್ಸ್ ಎಂದು ಕರೆಯುವ ಸಂಸ್ಥೆ, ದೂರದ ಹಳ್ಳಿಗಳಲ್ಲಿ ಸೇವೆ ಮಾಡುವವರನ್ನು ಸಿದ್ಧಗೊಳಿಸುವುದೇ ತನ್ನ ಉದ್ದೇಶವೆಂದು ಮೊದಲಿನಿಂದಲೂ ಹೇಳಿಕೊಂಡಿತ್ತು. ಹೇಳಿಕೊಳ್ಳುವುದು ಸುಲಭ. ಮಾಡಿ ತೋರಿಸಿದ ಒಂದು ಪ್ರಸಂಗವು ಅಂದಿನ ಕೋಲಾರ ಜಿಲ್ಲೆಯ, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ, ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನದು. ರೇಷ್ಮೆಗೂ ಹಾಲಿಗೂ ಹೆಸರಾದ ಆ ಊರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವೊಂದಿತ್ತು. 1973ರಲ್ಲಿ ಆ ಸಂಘದ ಆಸರೆಯಲ್ಲಿಯೇ ಆರೋಗ್ಯ ಸಹಕಾರ ಸಂಘವೊಂದು ಹುಟ್ಟಿಕೊಂಡಿತು. ಡೇರಿಗೆ ಹಾಕುವ ಹಾಲಿನ ಮೇಲೆ ಲೀಟರಿಗೆ ಇಷ್ಟು ಪೈಸೆಯೆಂದು ಮುರಿದುಕೊಂಡು ಆರೋಗ್ಯ ನಿಧಿ ಮಾಡುವುದು. ಅದರಿಂದ ವೈದ್ಯರ, ಔಷಧದ ಖರ್ಚು ನಡೆಯುವುದು. ಸೇಂಟ್ ಜಾನ್ಸಿನ ಅಧ್ಯಾಪಕರು ಮಾರ್ಗದರ್ಶನ ನೀಡುವುದು. ಅಲ್ಲಿನ ತರಬೇತಿ ವೈದ್ಯರು ಹಳ್ಳಿಯಲ್ಲಿ ಉಳಿದು ಕೆಲಸ ಕಲಿಯುವುದು. ಏರ್ಪಾಡು ಇಷ್ಟೇ. ಸೇಂಟ್ ಜಾನ್ಸಿನ ಸ್ವಂತ ಬೋಧನಾ ಆಸ್ಪತ್ರೆಯು ಬಾಗಿಲು ತೆರೆದದ್ದು 1975ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಅಂದರೆ ತನ್ನದೇ ದೊಡ್ಡ ಆಸ್ಪತ್ರೆ ಏಳುವ ಮೊದಲೇ ಆ ಕಾಲೇಜಿಗೆ ಮಳ್ಳೂರಿನಲ್ಲೊಂದು ತರಗತಿ ದೊರೆತಿತ್ತು!

ಮಳ್ಳೂರಿನಲ್ಲಿ ತರುಣ ವೈದ್ಯನ ಸ್ಥಾನ ಹೇಗಿತ್ತೆಂದು ಯೋಚಿಸಿದರೆ ನಮಗೆ ಸ್ವಾರಸ್ಯವೆನಿಸುತ್ತದೆ. ಊರ ಹಣದಿಂದ ನಡೆಯುವ ಚಿಕಿತ್ಸಾಲಯದಲ್ಲಿ ಅವನು ಧರ್ಮಕ್ಕೆ ಔಷಧ ಹಂಚುವ ದಾನಿಯಲ್ಲ. ಹಾಲು ಹಾಕಿದವಳಿಗೆ ಅವನನ್ನು ಪ್ರಶ್ನಿಸುವ ಹಕ್ಕಿದೆ. ಮದ್ದು ಮುಗಿದುಹೋದರೆ, ಬಾಗಿಲು ತಡವಾಗಿ ತೆರೆದರೆ ಸಂಘದ ಸಭೆಯಲ್ಲಿ ಉತ್ತರ ಹೇಳಬೇಕು. ಪುಸ್ತಕದ ಯಾವ ಅಧ್ಯಾಯದಲ್ಲಿಯೂ ಈ ಪಾಠವಿಲ್ಲ. ಆದರೂ ಇದನ್ನು ಹೊಗಳಿ ಸುಮ್ಮನಾಗುವುದು ಸರಿಯಲ್ಲ. ಹಸುವೇ ಇಲ್ಲದ ಕೂಲಿಯವನು ಹಾಲಿನ ಸಂಘದ ಮೂಲಕ ಆರೋಗ್ಯ ಪಡೆಯುವುದೆಂತು? ಮಳೆ ಕೈಕೊಟ್ಟು ಹಾಲು ಬತ್ತಿದ ವರ್ಷ ನಿಧಿಯೂ ಬತ್ತುವುದಿಲ್ಲವೇ? ‘ಜನರ ಸಹಭಾಗಿತ್ವ’ ಎಂಬ ಮಾತಿನಲ್ಲಿ ಜನರೆಂದರೆ ಊರ ಯಜಮಾನರು ಮಾತ್ರವೇ? ಇಂಥ ಪ್ರಶ್ನೆಗಳು ಅಲ್ಲಿ ದುಡಿದವರಿಗೂ ಎದುರಾದುವು. ಆ ಕಾಲೇಜಿನ ಅಧ್ಯಾಪಕರಲ್ಲಿ ಡಾ. ರವಿ ನಾರಾಯಣ, ಡಾ. ಥೆಲ್ಮಾ ನಾರಾಯಣ ಮೊದಲಾದ ಕೆಲವರು 1984ರಲ್ಲಿ ಹೊರಬಂದು ಬೆಂಗಳೂರಿನಲ್ಲಿ ಸಮುದಾಯ ಆರೋಗ್ಯಕ್ಕೆ ಮೀಸಲಾದ ಪುಟ್ಟ ಕೇಂದ್ರವೊಂದನ್ನು ಆರಂಭಿಸಿದರು. ಹಳ್ಳಿಗಾಡಿನಲ್ಲಿ ಕೆಲಸ ಮಾಡಿದ ಯುವ ವೈದ್ಯರನ್ನು ವಿಚಾರಿಸಿ, ನಿಮ್ಮ ಕಾಲೇಜು ನಿಮಗೆ ಏನನ್ನು ಕಲಿಸಲಿಲ್ಲವೆಂದು ಕೇಳಿ ಬರೆದುಕೊಂಡದ್ದು ಆ ಕೇಂದ್ರದ ಕೆಲಸಗಳಲ್ಲೊಂದು.

ಸರಕಾರವೂ ಕೈಕಟ್ಟಿ ಕುಳಿತಿರಲಿಲ್ಲ. 1975ರ ಶ್ರೀವಾಸ್ತವ ಸಮಿತಿಯ ವರದಿಯು ನಗರದ ಆಸ್ಪತ್ರೆಗೆ ಅಂಟಿಕೊಂಡ ಶಿಕ್ಷಣವನ್ನು ಟೀಕಿಸಿತು. 1977ರಲ್ಲಿ ವೈದ್ಯಶಿಕ್ಷಣದ ಪುನರ್ದಿಗ್ದರ್ಶನ ಯೋಜನೆ ಬಂದಿತು. ಪ್ರತಿಯೊಂದು ವೈದ್ಯಕೀಯ ಕಾಲೇಜು ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕೆಂದು ವಿಧಿಸಲಾಯಿತು. ಇದಕ್ಕಾಗಿ ದೊಡ್ಡ ದೊಡ್ಡ ಸಂಚಾರಿ ಚಿಕಿತ್ಸಾ ವಾಹನಗಳನ್ನು ಒದಗಿಸಿದರು. ಅವು ಎಷ್ಟು ದೊಡ್ಡವಾಗಿದ್ದುವೆಂದರೆ ಹಳ್ಳಿಯ ದಾರಿಗಳಲ್ಲಿ ಹಿಡಿಸದೆ, ಎಣ್ಣೆಯ ಖರ್ಚನ್ನು ತಾಳಲಾರದೆ, ಹಲವೆಡೆ ಕಾಲೇಜಿನ ಅಂಗಳದಲ್ಲಿಯೇ ನಿಂತುಬಿಟ್ಟವು. ದಾರಿಯ ಅಗಲವನ್ನು ಹಳ್ಳಿಯ ಗಾಡಿ ಹೊಡೆಯುವವನನ್ನು ಕೇಳಿದ್ದರೆ ಹೇಳುತ್ತಿದ್ದ. ಮರುವರ್ಷವೇ, 1978ರಲ್ಲಿ, ಅಲ್ಮಾ-ಅಟಾದಲ್ಲಿ ನೆರೆದ ಜಗತ್ತಿನ ರಾಷ್ಟ್ರಗಳು ತಮ್ಮ ಆರೋಗ್ಯದ ಯೋಜನೆಯಲ್ಲಿ ಭಾಗವಹಿಸುವುದು ಜನರ ಹಕ್ಕೂ ಕರ್ತವ್ಯವೂ ಆಗಿದೆಯೆಂದು ಘೋಷಿಸಿದುವು.

ಇತರೆಡೆ ಇದು ನಡೆದ ರೀತಿಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುವೆವು. ಗಾಂಧೀ ಜನ್ಮಶತಾಬ್ದಿಯ 1969ರಲ್ಲಿ ಡಾ. ಸುಶೀಲಾ ನಯ್ಯರ್ ಅವರು ಸೇವಾಗ್ರಾಮದಲ್ಲಿ ತೆರೆದ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ ಬೀಡುಬಿಟ್ಟು, ಕೆಲವು ಕುಟುಂಬಗಳನ್ನು ತಮ್ಮವೆಂದು ವಹಿಸಿಕೊಂಡು, ತರುವಾಯವೂ ಅವುಗಳನ್ನು ನೋಡಿಬರುವ ಪದ್ಧತಿ ಬೆಳೆಯಿತು. ನಮ್ಮದೇ ರಾಜ್ಯದಲ್ಲಿ 1984ರಲ್ಲಿ ಮೈಸೂರಿನ ಕೆಲ ವೈದ್ಯ ವಿದ್ಯಾರ್ಥಿಗಳು ಕೂಡಿ ಕಟ್ಟಿದ ಸ್ವಾಮಿ ವಿವೇಕಾನಂದ ಯುವ ಚಳವಳಿಯು ಹೆಗ್ಗಡದೇವನಕೋಟೆಯ ಕಾಡುಜನರ ನಡುವೆ ಬೇರೂರಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನರು ಸೋಲಿಗರ ನಡುವೆ ಮಾಡಿದ ಕೆಲಸವು ಎಲ್ಲರಿಗೂ ತಿಳಿದದ್ದೇ. ಫಿಲಿಪ್ಪೀನ್ಸ್ ದೇಶದ ಜಂಬೋವಾಂಗದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದೆನಿಸುತ್ತದೆ. ಆ ಪ್ರಾಂತ್ಯದಲ್ಲಿ ವೈದ್ಯರು ನಿಲ್ಲುತ್ತಿರಲಿಲ್ಲ. ಊರಿನ ವೈದ್ಯರೇ 1994ರಲ್ಲಿ ಕೂಡಿ, ಯೇಸುಸಭೆಯ ವಿಶ್ವವಿದ್ಯಾಲಯದ ಆಸರೆಯಲ್ಲಿ, ಒಂದು ವೈದ್ಯಕೀಯ ಶಾಲೆಯನ್ನು ಕಟ್ಟಿದರು. ವಿದ್ಯಾರ್ಥಿಗಳು ಕಲಿಕೆಯ ದೊಡ್ಡ ಭಾಗವನ್ನು ದೂರದ ಹಳ್ಳಿಗಳಲ್ಲಿ ಜನರ ಮನೆಗಳ ನಡುವೆಯೇ ಕಳೆಯಬೇಕು. ಊರವರೊಡನೆ ಕೂಡಿ ಅಲ್ಲಿನ ಒಂದು ಕಷ್ಟವನ್ನು ಗುರುತಿಸಿ ಪರಿಹಾರ ಹುಡುಕಬೇಕು. ಅಲ್ಲಿ ಕಲಿತವರಲ್ಲಿ ಬಹುಪಾಲು ಜನ ಅದೇ ಪ್ರಾಂತ್ಯದಲ್ಲಿ ಉಳಿದರು. ತಮ್ಮ ಸೀಮೆಯ ಮಕ್ಕಳನ್ನೇ ಆರಿಸಿಕೊಂಡದ್ದೂ ಇದಕ್ಕೊಂದು ಕಾರಣ.

ಈ ಕೊನೆಯ ಮಾತು ನಮ್ಮ ಸೀಮೆಗೆ ನೇರವಾಗಿ ತಾಗುತ್ತದೆ. ಸೇಂಟ್ ಜಾನ್ಸಿನಲ್ಲಿ ಬುಡಕಟ್ಟಿನ ಮತ್ತು ದಲಿತ ಕ್ಯಾಥೋಲಿಕರಿಗೆ ಪ್ರತ್ಯೇಕ ಸ್ಥಾನಗಳಿವೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಮಕ್ಕಳಿಗೆ ಸರಕಾರಿ ಕಾಲೇಜುಗಳಲ್ಲಿಯೂ ಮೀಸಲಾತಿಯಿದೆ. ಆದರೆ ಹತ್ತನೆಯ ತರಗತಿ ಮುಗಿಸಿದ ಸಿದ್ದಿ ಹುಡುಗಿಗೆ ವಿಜ್ಞಾನ ಓದಿಸಲು ಹಾಸ್ಟೆಲ್ಲಿನ ವ್ಯವಸ್ಥೆ, ಪ್ರವೇಶ ಪರೀಕ್ಷೆಗೆ ಮಾರ್ಗದರ್ಶನ, ಮನೆಯವರಿಗೆ ಧೈರ್ಯ ಇವಿಷ್ಟು ಇಲ್ಲದಿದ್ದರೆ ಆ ಸ್ಥಾನ ಕಾಗದದಲ್ಲಿದ್ದೂ ಇಲ್ಲದಂತೆಯೇ. ಗೋಪುರಕ್ಕೆ ಬಣ್ಣ ಬಳಿಯಲು ಉತ್ಸಾಹದಿಂದ ಚಂದಾ ಎತ್ತುವ ನಾವು ಇಂಥದ್ದಕ್ಕೆ ಎಷ್ಟು ಎತ್ತಿದ್ದೇವೆ ಎಂಬುದನ್ನು ಜಮಾಖರ್ಚಿನ ಪುಸ್ತಕವೇ ಹೇಳಲಿ.

ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಗೆ ಎರಡು ಸಂಗತಿಗಳು ಒದಗಿ ಬಂದಿವೆ. ಮೊದಲನೆಯದು, 2016ರಲ್ಲಿ ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ತರಗತಿಗಳನ್ನಾರಂಭಿಸಿದ್ದು. ಎರಡನೆಯದು, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ದೇಶದ ಎಲ್ಲ ಕಾಲೇಜುಗಳಿಗೂ ಅನ್ವಯಿಸುವಂತೆ ಕುಟುಂಬ ದತ್ತು ಕಾರ್ಯಕ್ರಮವನ್ನು ತಂದದ್ದು. ಇದರಂತೆ ಎಂ.ಬಿ.ಬಿ.ಎಸ್. ಸೇರಿದ ವಿದ್ಯಾರ್ಥಿಯು ಮೊದಲ ವರ್ಷದಿಂದಲೇ ಹಳ್ಳಿಯ ಮೂರರಿಂದ ಐದು ಕುಟುಂಬಗಳನ್ನು ವಹಿಸಿಕೊಂಡು, ಮೂರು ವರ್ಷಗಳವರೆಗೆ ಅವರ ಆರೋಗ್ಯವನ್ನು ಗಮನಿಸುತ್ತಿರಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮೂರು ತಿಂಗಳ ಕಾಲ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ದುಡಿಯುವ ನಿಯಮವೂ ಇದೆ. ಅದೇ 2022ರಲ್ಲಿ ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನರು ಪಕ್ಷಭೇದವಿಲ್ಲದೆ ದನಿಯೆತ್ತಿದ್ದನ್ನು ಓದುಗರು ಮರೆತಿರಲಾರರು. ಆ ಬೇಡಿಕೆ ನ್ಯಾಯವಾದದ್ದು. ಕಟ್ಟಡ ಎದ್ದ ಮೇಲೆ ಅದರೊಳಗೆ ನಿಲ್ಲುವ ವೈದ್ಯರು ಬೇಕಲ್ಲ, ಅವರನ್ನು ಎಲ್ಲಿಂದ ತರುವುದೆಂಬುದು ನಮ್ಮ ಈ ಲೇಖನದ ಚಿಂತೆ.

‘ದತ್ತು’ ಎಂಬ ಪದದ ಬಗ್ಗೆ ನಮಗೊಂದು ಆಕ್ಷೇಪವಿದೆಯೆಂದು ಹೇಳದೆ ಇರಲಾರೆವು. ಹದಿನೆಂಟು ವರ್ಷದ ಹುಡುಗನು ಆರು ಮಕ್ಕಳನ್ನು ಸಾಕಿ ಬೆಳೆಸಿದ ತಾಯಿಯನ್ನು ದತ್ತು ತೆಗೆದುಕೊಳ್ಳುವನೆಂದರೆ ನಗು ಬರುತ್ತದೆ. ವಾಸ್ತವದಲ್ಲಿ ಆ ತಾಯಿಯೇ ಅವನನ್ನು ಮೂರು ವರ್ಷಗಳ ಮಟ್ಟಿಗೆ ಮಗನಂತೆ ಒಪ್ಪಿಕೊಳ್ಳಬೇಕಾಗುತ್ತದೆ. ಮಜ್ಜಿಗೆ ಕೊಟ್ಟು ಕೂರಿಸಿ, ತನ್ನ ಸಂಸಾರದ ಗುಟ್ಟನ್ನು ಬಿಚ್ಚಿ ಹೇಳುವವಳು ಅವಳು. ಗಂಡನು ಕ್ಷಯದ ಮಾತ್ರೆಯನ್ನು ನಡುವೆ ಏಕೆ ನಿಲ್ಲಿಸಿದ, ಮಗಳ ಹೆರಿಗೆಯನ್ನು ಮನೆಯಲ್ಲಿಯೇ ಏಕೆ ಮಾಡಿಸಿದರು, ಸಂಜೆಯ ಕುಡಿತಕ್ಕೆ ಎಷ್ಟು ಹೋಗುತ್ತದೆ, ಇವನ್ನು ಅವಳು ಹೇಳಿದರೆ ಮಾತ್ರ ಅವನಿಗೆ ತಿಳಿಯುವುದು.

ಇಲ್ಲಿ ನಮ್ಮದೇ ಒಂದು ಅನುಭವವನ್ನು ಬರೆಯಬೇಕಾಗಿದೆ. ಕೆಲ ವರ್ಷಗಳ ಹಿಂದೆ ಒಂದು ಕಾಲೇಜಿನ ವಿದ್ಯಾರ್ಥಿಗಳ ತಂಡವು ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಕೇರಿಯೊಂದಕ್ಕೆ ಬಂದಿತ್ತು. ಬಸ್ಸಿನಿಂದಿಳಿದ ಮಕ್ಕಳು ವಿನಯವಂತರೇ. ಕೈಯಲ್ಲಿ ಉದ್ದುದ್ದ ನಮೂನೆಗಳು. ಮನೆಗೆ ಕಿಟಕಿ ಎಷ್ಟು, ಒಲೆ ಯಾವುದು, ವರಮಾನವೆಷ್ಟು ಎಂದು ಬರೆದುಕೊಂಡರು. ಹೆಚ್ಚಿನವರು ಕಬ್ಬಿನ ಕೆಲಸಕ್ಕೆ ಹೋಗಿದ್ದರಿಂದ ಉತ್ತರ ಕೊಟ್ಟವರು ಅಜ್ಜಿಯರು. ಕನ್ನಡ ಬಾರದ ಒಬ್ಬ ಅಜ್ಜಿಯ ಬದಲು ಶಾಲೆಯ ಹುಡುಗನು ಉತ್ತರ ಹೇಳಿದ. ಅವಳಿಗೆ ವರ್ಷಗಟ್ಟಲೆಯಿಂದ ಇದ್ದ ಕಣ್ಣಿನ ತೊಂದರೆ ಅವನಿಗೇನು ಗೊತ್ತು? ನಮೂನೆಯಲ್ಲಿ ‘ರೋಗವಿಲ್ಲ’ ಎಂದೇ ಬರೆದುಹೋಯಿತು. ಹೋಗುವಾಗ ಕೇರಿಯ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿಸಿಕೊಂಡು, ಪರೀಕ್ಷೆ ಮಾಡಿಸಿ ತಿಳಿಸುವೆವೆಂದು ಹೇಳಿ ಬಸ್ಸು ಹತ್ತಿದರು. ತಿರುಗಿ ಬರಲಿಲ್ಲ.

ಮಕ್ಕಳನ್ನು ದೂರಿ ಫಲವಿಲ್ಲ. ಅವರಿಗೆ ಅಂಕ ಬಂದದ್ದು ನಮೂನೆ ತುಂಬಿದ್ದಕ್ಕೆ, ಮರಳಿ ಬಂದದ್ದಕ್ಕಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ನಾವು ಬಿಸ್ಕೀಟು-ಚಹಾ ಕೊಟ್ಟು, ಹಾರ ಹಾಕಿ ಕಳುಹಿಸಿದೆವೇ ಹೊರತು ಒಂದು ಷರತ್ತನ್ನೂ ಮುಂದಿಡಲಿಲ್ಲ. ಮಳ್ಳೂರಿನವರಿಗೆ ಸಂಘವಿತ್ತು, ಸಭೆಯಿತ್ತು, ಲೆಕ್ಕ ಕೇಳುವ ದಾರಿಯಿತ್ತು. ನಮಗೇನೂ ಇಲ್ಲವೆಂದಲ್ಲ. ಪ್ರತಿ ಕಂದಾಯ ಗ್ರಾಮಕ್ಕೂ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿ ಇರಬೇಕೆಂಬ ನಿಯಮವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಮನೆಮನೆಯನ್ನು ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಮಹಿಳೆಯರ ಸ್ವಸಹಾಯ ಸಂಘಗಳು ವಾರವಾರವೂ ಕೂಡುತ್ತವೆ. ಇವರ ಮುಂದೆ ವಿದ್ಯಾರ್ಥಿಗಳನ್ನು ಕೂರಿಸಿ ಮಾತನಾಡಿಸಿದರೆ ಅರ್ಧ ನಮೂನೆ ತಾನಾಗಿ ತುಂಬುವುದು, ಅದೂ ಸರಿಯಾಗಿ.

ಆದುದರಿಂದ ಶತಮಾನೋತ್ಸವದ ಸಿದ್ಧತೆಗೆಂದು ಕರೆದ ಸಭೆಗಳಲ್ಲೊಂದರಲ್ಲಿ ಈ ಮಾತೂ ಚರ್ಚೆಗೆ ಬಂದು, ಕೆಲವನ್ನು ನಿಶ್ಚಯಿಸಿದೆವು. ವೈದ್ಯ ವಿದ್ಯಾರ್ಥಿಗಳು ಬರುವುದಾದರೆ ಇಗರ್ಜಿಯ ಹಿಂದಿನ ಎರಡು ಕೋಣೆಗಳನ್ನು ಉಳಿದುಕೊಳ್ಳಲು ಬಿಟ್ಟುಕೊಡುವುದು. ಹಗಲು ಬಂದು ಹಗಲೇ ಹಿಂದಿರುಗುವ ತಂಡಕ್ಕಿಂತ ಎರಡು ರಾತ್ರಿ ಉಳಿಯುವ ತಂಡಕ್ಕೆ ಆದ್ಯತೆ ಕೊಡುವುದು, ಏಕೆಂದರೆ ಜನ ಮನೆಗೆ ಬರುವುದೇ ಕತ್ತಲಾದ ಮೇಲೆ. ಕೊಂಕಣಿ, ಮರಾಠಿ ಬಲ್ಲ ಇಬ್ಬರು ಹೆಂಗಸರು ಅವರೊಡನೆ ತಿರುಗಾಡುವುದು. ಯಾವ ಜಾತಿ, ಯಾವ ಧರ್ಮದ ಮನೆಯೆಂದು ನೋಡದೆ ಕೇರಿಯ ಎಲ್ಲ ಮನೆಗಳೂ ಇದರಲ್ಲಿ ಸೇರುವುದು. ಬರೆದುಕೊಂಡ ವಿಷಯವನ್ನು ಹೋಗುವ ಮೊದಲು ಊರ ಸಭೆಯಲ್ಲಿ ಓದಿ ಹೇಳಬೇಕೆಂದು ಕಾಲೇಜಿಗೆ ಮುಂಚಿತವಾಗಿ ಪತ್ರ ಬರೆಯುವುದು. ಹುಡುಗನು ಬಾಣಂತಿಯ ಪಥ್ಯವನ್ನು ಕುರಿತು ತಪ್ಪು ತಿಳಿದಿದ್ದರೆ ಅಲ್ಲಿಯೇ ಯಾರಾದರೂ ತಿದ್ದುವರು. ನಮ್ಮ ಪಥ್ಯವೇ ತಪ್ಪಾಗಿದ್ದರೆ ಅವನೂ ಅಲ್ಲಿಯೇ ಹೇಳಲಿ.

ಪತ್ರದ ಕರಡನ್ನು ಓದಿ ಕೇಳಿಸಿದಾಗ ಆ ಕೇರಿಯ ಹೆಂಗಸರು ಇನ್ನೊಂದು ಸಾಲು ಸೇರಿಸಿರೆಂದರು. ಹಾಗೆಯೇ ಸೇರಿಸಿದ್ದೇವೆ. ಬಾವಿಯ ನೀರಿನ ಪರೀಕ್ಷೆಯಲ್ಲಿ ಏನು ಕಂಡುಬಂದಿತೆಂಬುದನ್ನು ದಯವಿಟ್ಟು ತಿಳಿಸಬೇಕು.